ಜೆಪ್ಪುವಿನ ಹಂಚು, ಬಾಳದ ಗೇಟು: ಜರ್ಮನ್ ಉದ್ಯಮಗಳೂ ನಮ್ಮ ಕೆಲಸದ ಲೆಕ್ಕವೂ



1865ನೆಯ ಇಸವಿಯಿಂದ ಮಾತು ಶುರು ಮಾಡುತ್ತೇನೆ. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ರೈನ್ ನದಿಯ ದಡದ ಮಾನ್‌ಹೈಮ್ ಪಟ್ಟಣದಲ್ಲಿ ಫ್ರೀಡ್ರಿಶ್ ಎಂಗೆಲ್‌ಹಾರ್ನ್ ಎಂಬವರು ಬಣ್ಣ ತಯಾರಿಸುವ ಒಂದು ಕಂಪನಿ ಕಟ್ಟಿದರು. ಕಾರ್ಖಾನೆ ಎದ್ದದ್ದು ಹೊಳೆಯ ಆಚೆ ದಡದ ಲುಡ್‌ವಿಗ್‌ಶಾಫೆನ್‌ನಲ್ಲಿ. ಅದೇ ವರ್ಷ ನಮ್ಮ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್‌ನ ಗೇಯಾರ್ಗ್ ಪ್ಲೆಬ್ಸ್ಟ್ ಎಂಬವರು ಹಂಚಿನ ಕಾರ್ಖಾನೆ ತೆರೆದರು. ಮೊದಲನೆಯದು ಬೆಳೆದು ಬಿಎಎಸ್‌ಎಫ್ ಆಯಿತು, ಜಗತ್ತಿನ ಅತಿ ದೊಡ್ಡ ರಾಸಾಯನಿಕ ಕಂಪನಿಗಳಲ್ಲಿ ಒಂದಾಯಿತು. ಎರಡನೆಯದು ಕರಾವಳಿಯ ಮನೆಗಳ ಮಾಡನ್ನೇ ಬದಲಿಸಿ, ಕೊನೆಗೆ ತಣ್ಣಗಾಯಿತು. ಹುಟ್ಟಿದ 131 ವರ್ಷಗಳ ಮೇಲೆ, 1996ರಲ್ಲಿ, ಆ ಮೊದಲನೆಯ ಕಂಪನಿ ನಾವು ಕುಳಿತಿರುವ ಈ ಸುರತ್ಕಲ್‌ನಿಂದ ಕೆಲವೇ ಕಿಲೋಮೀಟರ್ ದೂರದ ಬಾಳ-ತೋಕೂರಿನಲ್ಲಿ ತನ್ನ ಘಟಕ ತೆರೆಯಿತು. ಸುರತ್ಕಲ್-ಬಜಪೆ ರಸ್ತೆಯಲ್ಲಿ ಓಡಾಡುವ ಎಲ್ಲರಿಗೂ ಆ ಬೋರ್ಡಿನ ಪರಿಚಯವಿದೆ.

ಜರ್ಮನ್ ಉದ್ಯಮಗಳಲ್ಲಿ ಕೆಲಸ ಹೇಗೆ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ, ಹೇಗೆ ಸಾಯುತ್ತದೆ ಎಂಬುದು ಇವತ್ತಿನ ವಿಷಯ. ದೂರದ ವಿಷಯ ಎಂದು ನಿಮಗನ್ನಿಸಬಹುದು. ಆದರೆ ಮಂಗಳೂರಿಗೆ ಅದು ಸುಮಾರು 190 ವರ್ಷಗಳ ಮನೆಯ ವಿಷಯ.

ಒಂದು ಸ್ಪಷ್ಟನೆ ಮೊದಲೇ ಕೊಡಬೇಕು. ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ. ಮಿಶನ್ ಹುಟ್ಟಿದ್ದೂ ಅಲ್ಲೇ, 1815ರಲ್ಲಿ. ಆದರೆ ಅದು ಕಳುಹಿಸಿದ ಮಂದಿಯಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯವರು, ರೈತರ, ನೇಕಾರರ, ಕುಶಲಕರ್ಮಿಗಳ ಮಕ್ಕಳು. ಈ ಹಿನ್ನೆಲೆಯೇ ಮುಂದಿನ ಕಥೆಗೆ ಮುಖ್ಯ. ಕೈಯಲ್ಲಿ ಒಂದು ಕಸುಬು ಇಲ್ಲದವನು ಅರ್ಧ ಮನುಷ್ಯ ಎಂದು ನಂಬಿದ್ದ ಊರಿನಿಂದ ಬಂದವರು ಅವರು.

1834ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಬಂದದ್ದು ಧರ್ಮಪ್ರಚಾರಕ್ಕೆ. ಶಾಲೆ, ಛಾಪಖಾನೆ, 1843ರ 'ಮಂಗಳೂರ ಸಮಾಚಾರ', ಕಿಟೆಲರ ನಿಘಂಟು, ಇವೆಲ್ಲ ಕನ್ನಡಿಗರು ನೆನೆಯುವ ಸಂಗತಿಗಳು. ಕಾರ್ಖಾನೆಯ ಕಥೆಯನ್ನು ಅಷ್ಟಾಗಿ ನೆನೆಯುವುದಿಲ್ಲ. ಅದು ಹುಟ್ಟಿದ್ದು ಒಂದು ಸಂಕಟದಿಂದ. ಮತಾಂತರವಾದವರನ್ನು ಕುಟುಂಬ ಹೊರಗಿಟ್ಟಿತು, ಜಾತಿ ಹೊರಗಿಟ್ಟಿತು, ಗೇಣಿಯ ಭೂಮಿಯೂ ಹೋಯಿತು. ಅವರಲ್ಲಿ ಅನೇಕರ ಕುಲಕಸುಬು ಮೂರ್ತೆ, ಎಂದರೆ ಕಳ್ಳು ಇಳಿಸುವುದು. ಅದನ್ನು ಮುಂದುವರಿಸಲು ಹೊಸ ಧರ್ಮ ಒಪ್ಪಲಿಲ್ಲ. ಹೊಟ್ಟೆಗೆ ಏನು ಮಾಡಬೇಕು? ಮಿಶನ್ ಕೃಷಿ ಮಾಡಿಸಿ ನೋಡಿತು, ಬಡಗಿ ಕೆಲಸ ಕಲಿಸಿತು, ಗಡಿಯಾರ ರಿಪೇರಿಯನ್ನೂ ಪ್ರಯತ್ನಿಸಿತು. ಇವುಗಳಲ್ಲಿ ಹೆಚ್ಚಿನವು ಬೇರೂರಲಿಲ್ಲ.

ಬೇರೂರಿದ್ದು ಎರಡು. ಮೊದಲನೆಯದು ನೇಯ್ಗೆ. 1851ರಲ್ಲಿ ಜಾನ್ ಹಾಲರ್ ಎಂಬ ನುರಿತ ನೇಕಾರರು ಬಂದು ಯುರೋಪಿನ ರೀತಿಯ ಮಗ್ಗಗಳನ್ನೂ ಬಣ್ಣ ಹಾಕುವ ಕ್ರಮವನ್ನೂ ತಂದರು. ಖಾಕಿ ಬಣ್ಣ ಹುಟ್ಟಿದ್ದು ಬಲ್ಮಠದ ಅವರ ಬಣ್ಣದ ಮನೆಯಲ್ಲಿ ಎಂದು ಮಂಗಳೂರಿನವರು ಹೆಮ್ಮೆಯಿಂದ ಹೇಳುತ್ತಾರೆ. ಅದಕ್ಕೂ ಮೊದಲೇ ಪೆಶಾವರದಲ್ಲಿ ಆ ಬಣ್ಣದ ಉಡುಪು ಇತ್ತು ಎನ್ನುವವರೂ ಇದ್ದಾರೆ. ಎರಡನೆಯದು ಹಂಚು. ಪ್ಲೆಬ್ಸ್ಟ್ ಇಲ್ಲಿಗೆ ಬಂದದ್ದು ಛಾಪಖಾನೆಯ ಕೆಲಸಕ್ಕೆ. ಅವರ ಕಣ್ಣು ಬಿದ್ದದ್ದು ನೇತ್ರಾವತಿ, ಗುರುಪುರ ಹೊಳೆಗಳ ದಡದ ಮಣ್ಣಿನ ಮೇಲೆ. ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚನ್ನು ಅಲ್ಸಾಸಿನ ಗಿಲಾರ್ಡೋನಿ ಸಹೋದರರು 1841ರಲ್ಲಿಯೇ ರೂಪಿಸಿದ್ದರು. ಆ ತತ್ವವನ್ನು ನಮ್ಮ ಮಣ್ಣಿಗೂ ನಮ್ಮ ಆಷಾಢದ ಮಳೆಗೂ ಹೊಂದಿಸಿದ್ದು ಜೆಪ್ಪು. ಮೊದಲು ಎತ್ತು ಕಟ್ಟಿ ಮಣ್ಣು ಅರೆಯುತ್ತಿದ್ದರು, ಮುಂದೆ ಹಬೆಯಂತ್ರ ಬಂತು. ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಫೆರೋಕ್ ಎಂದು ಕಾರ್ಖಾನೆಗಳ ಸಾಲೇ ಎದ್ದಿತು. ನೇಯ್ಗೆ, ಹಂಚು ಎರಡೂ ಸೇರಿ ಸಾವಿರಾರು ಮಂದಿಗೆ ಸಂಬಳ ಕೊಡುವ ಸಂಸ್ಥೆಯಾಗಿ ಅದು ಬೆಳೆಯಿತು. ಕಾರ್ಮಿಕರಿಗೆ ಉಳಿತಾಯದ ನಿಧಿಯೂ, ಕಾಯಿಲೆ ಬಿದ್ದರೆ ನೆರವಾಗುವ ನಿಧಿಯೂ ಇದ್ದವು.

ಅರ್ಥಶಾಸ್ತ್ರ ಓದುವ ವಿದ್ಯಾರ್ಥಿಗಳು ಇಲ್ಲಿ ಒಂದು ವಿಷಯ ಗಮನಿಸಬೇಕು. ಸಾಮಾನ್ಯವಾಗಿ ಉದ್ಯಮಿಯ ಮನಸ್ಸಿನಲ್ಲಿ ಮೊದಲು ಬರುವುದು ಸರಕು, ಆಮೇಲೆ ಮಾರುಕಟ್ಟೆ, ಕೊನೆಯಲ್ಲಿ ಆಳು. ಜೆಪ್ಪುವಿನಲ್ಲಿ ಆದದ್ದು ತಿರುಗುಮುರುಗು. ಆಳುಗಳು ಮೊದಲೇ ಇದ್ದರು, ಕೆಲಸವಿಲ್ಲದೆ ಅಂಗಳದಲ್ಲಿ ಕುಳಿತಿದ್ದರು. ಅವರಿಗಾಗಿ ಸರಕನ್ನು ಹುಡುಕಲಾಯಿತು. ಉದ್ಯೋಗವೇ ಉದ್ದೇಶವಾಗಿದ್ದ ಕಂಪನಿ ಅದು.

ಹಾಗೆಂದು ಬರೇ ಹೊಗಳಿ ಮುಂದೆ ಹೋಗಲಾರೆ. ಆ ಕೆಲಸ ಮಿಶನ್ನಿನ ಶಿಸ್ತಿಗೆ ಕಟ್ಟುಬಿದ್ದ ಕೆಲಸ. ಚರ್ಚಿನ ಸಭೆಯಿಂದ ಹೊರಗಾದವನಿಗೆ ಕಾರ್ಖಾನೆಯಲ್ಲಿ ಉಳಿಯುವುದೂ ಕಷ್ಟವಾಗುತ್ತಿತ್ತು. ಮತ್ತೆ, ಜೆಪ್ಪುವಿನ ಹಂಚು ಹುಟ್ಟಿಸಿದ ಕೆಲಸಗಳನ್ನು ಎಣಿಸುವಾಗ ಅದು ಅಳಿಸಿದ ಕೆಲಸಗಳನ್ನೂ ಎಣಿಸಬೇಕಲ್ಲ? ಅದಕ್ಕೆ ಮೊದಲು ನಮ್ಮ ಮನೆಗಳ ಮೇಲೆ ಮುಳಿಹುಲ್ಲು, ಸೋಗೆ, ತೆಂಗಿನ ಮಡಲು. ಉಳ್ಳವರ ಮನೆಗೆ ಕುಂಬಾರರು ಕೈಯಲ್ಲಿ ತಟ್ಟಿ ಸುಟ್ಟ ನಾಡಹಂಚು. ಆ ಕುಂಬಾರರ ಒಲೆಗಳು ಒಂದೊಂದಾಗಿ ಆರಿದವು. ಅವರ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇರಲಿಲ್ಲ, ಹಾಗಾಗಿ ಯಾವ ಲೆಕ್ಕಕ್ಕೂ ಸಿಗಲಿಲ್ಲ. ಲುಡ್‌ವಿಗ್‌ಶಾಫೆನ್ ಕೂಡ ಇದನ್ನೇ ಬಹಳ ದೊಡ್ಡ ಅಳತೆಯಲ್ಲಿ ಮಾಡಿತು. 1897ರಲ್ಲಿ ಬಿಎಎಸ್‌ಎಫ್ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದಿತು. ರೈನ್ ದಡದಲ್ಲಿ ರಸಾಯನಶಾಸ್ತ್ರಜ್ಞರ, ಕಾರ್ಮಿಕರ ಸಂಖ್ಯೆ ಏರಿತು. ಬಿಹಾರ, ಬಂಗಾಳಗಳ ನೀಲಿಯ ಹೊಲಗಳು ಮೊದಲ ಮಹಾಯುದ್ಧದ ಹೊತ್ತಿಗೆ ಬಹುಪಾಲು ಮುಗಿದಿದ್ದವು. 1917ರಲ್ಲಿ ಗಾಂಧೀಜಿ ಚಂಪಾರಣ್ಯಕ್ಕೆ ಹೋದಾಗ ಕಂಡ ರೈತರ ಕಷ್ಟದ ಹಿಂದೆ ತೋಟದ ದೊರೆಗಳ ದಬ್ಬಾಳಿಕೆ ಇತ್ತು. ಆ ದೊರೆಗಳು ತಮ್ಮ ನಷ್ಟವನ್ನು ರೈತರ ತಲೆಗೆ ಕಟ್ಟುವಂತೆ ಮಾಡಿದ್ದರ ಹಿಂದೆ ಈ ಜರ್ಮನ್ ಕೃತಕ ನೀಲಿಯೂ ಇತ್ತು.

ಈಗ ಸ್ವಲ್ಪ ಲೆಕ್ಕದ ಮಾತು. ಸುರತ್ಕಲ್‌ನಿಂದ ಸ್ಟೇಟ್‌ಬ್ಯಾಂಕಿಗೆ ಹೋಗುವ ಬಸ್ಸನ್ನು ನೆನಪಿಸಿಕೊಳ್ಳಿ. ಹೊರಡುವಾಗ 40 ಮಂದಿ. ಬೈಕಂಪಾಡಿಯಲ್ಲಿ ಹತ್ತು ಮಂದಿ ಇಳಿಯುತ್ತಾರೆ, ಹತ್ತು ಮಂದಿ ಹತ್ತುತ್ತಾರೆ. ಪಣಂಬೂರಿನಲ್ಲಿ ಎಂಟು ಮಂದಿ ಇಳಿದು ಒಂಬತ್ತು ಮಂದಿ ಹತ್ತುತ್ತಾರೆ. ಕೊನೆಯಲ್ಲಿ ಕಂಡಕ್ಟರ್ ತಲೆ ಎಣಿಸಿದರೆ 41. 'ಒಬ್ಬ ಹೆಚ್ಚಾದ' ಎಂದು ಮಾತ್ರ ಬರೆದುಕೊಂಡರೆ, 18 ಮಂದಿ ಇಳಿದದ್ದೂ 19 ಮಂದಿ ಹತ್ತಿದ್ದೂ ಆ ಪುಸ್ತಕದಲ್ಲಿ ಕಾಣುವುದೇ ಇಲ್ಲ. ಸರ್ಕಾರಗಳು ಉದ್ಯೋಗ ಬೆಳವಣಿಗೆ ಎಂದು ಹೇಳುವುದು ಹೆಚ್ಚಾಗಿ ಈ ಒಬ್ಬನ ಲೆಕ್ಕ. ನಾನು ಕೇಳಬಯಸುವುದು ಇಳಿದವರು ಎಲ್ಲಿಗೆ ಹೋದರು, ಹತ್ತಿದವರಿಗೆ ಸೀಟು ಸಿಕ್ಕಿತೇ, ಬಾಗಿಲಲ್ಲಿ ನೇತಾಡುತ್ತಿದ್ದಾರೆಯೇ ಎಂಬುದನ್ನು.

ಜರ್ಮನಿಯವರು ಈ ಹತ್ತುವ-ಇಳಿಯುವ ಲೆಕ್ಕವನ್ನು ಶ್ರದ್ಧೆಯಿಂದ ಇಟ್ಟಿದ್ದಾರೆ. ನ್ಯೂರೆನ್‌ಬರ್ಗಿನಲ್ಲಿ ಅವರ ಉದ್ಯೋಗ ಸಂಶೋಧನಾ ಸಂಸ್ಥೆಯಿದೆ. ಅದು 1993ರಿಂದ ಪಶ್ಚಿಮ ಜರ್ಮನಿಯಲ್ಲಿ, 1996ರಿಂದ ಪೂರ್ವದಲ್ಲಿಯೂ, ಪ್ರತಿ ವರ್ಷ ಸುಮಾರು 15,000 ಉದ್ಯಮಗಳ ಬಾಗಿಲಿಗೆ ಹೋಗಿ ಅವೇ ಪ್ರಶ್ನೆಗಳನ್ನು ಕೇಳುತ್ತದೆ: ಎಷ್ಟು ಜನರನ್ನು ತೆಗೆದುಕೊಂಡಿರಿ, ಎಷ್ಟು ಮಂದಿ ಬಿಟ್ಟುಹೋದರು, ಯಾಕೆ, ಎಷ್ಟು ಹುಡುಗರಿಗೆ ಕೆಲಸ ಕಲಿಸುತ್ತಿದ್ದೀರಿ, ಖಾಲಿ ಇರುವ ಜಾಗಕ್ಕೆ ಜನ ಸಿಗುತ್ತಿಲ್ಲವೇ. ಇದಲ್ಲದೆ ಸಾಮಾಜಿಕ ವಿಮೆಯ ದಾಖಲೆಗಳಿಂದ 1975ರಷ್ಟು ಹಿಂದಿನವರೆಗೂ ಒಂದೊಂದು ಸಂಸ್ಥೆಯ ಹುಟ್ಟು, ಬೆಳವಣಿಗೆ, ಮುಚ್ಚುಗಡೆಯನ್ನು ಹಿಂಬಾಲಿಸಬಹುದು. ಕಾರ್ಖಾನೆಗೂ ಜಾತಕ ಬರೆದಿಟ್ಟ ದೇಶ ಅದು.

ಆ ಜಾತಕದಲ್ಲಿ ನನ್ನನ್ನು ಬಹಳ ಕಾಲ ಕಾಡಿದ ಒಂದು ಪುಟವಿದೆ. 2009ನೆಯ ಇಸವಿ. ಅಮೆರಿಕದಿಂದ ಹಬ್ಬಿದ ಹಣಕಾಸು ಬಿಕ್ಕಟ್ಟಿನಲ್ಲಿ ಜರ್ಮನಿಯ ಒಟ್ಟು ಉತ್ಪನ್ನ ಒಂದೇ ವರ್ಷದಲ್ಲಿ ಶೇಕಡಾ ಐದಕ್ಕಿಂತ ಹೆಚ್ಚು ಕುಸಿಯಿತು. ಕಾರು, ಯಂತ್ರಗಳ ಆರ್ಡರುಗಳು ನಿಂತೇಹೋದವು. ಅಷ್ಟು ಕುಸಿದರೆ ಲಕ್ಷಗಟ್ಟಲೆ ಜನ ಬೀದಿಗೆ ಬರಬೇಕು, ಅಮೆರಿಕದಲ್ಲಿ ಬಂದರು. ಜರ್ಮನಿಯಲ್ಲಿ ನಿರುದ್ಯೋಗ ಬಹಳ ಸ್ವಲ್ಪವೇ ಏರಿತು. ಬಸ್ಸಿನಿಂದ ಯಾರನ್ನೂ ಇಳಿಸದೆ, ಎಲ್ಲರೂ ಸ್ವಲ್ಪ ಸ್ವಲ್ಪ ಒತ್ತಿ ಕುಳಿತರು. ಅದಕ್ಕೆ ಅವರ ಭಾಷೆಯಲ್ಲಿ ಕುರ್ಟ್ಸ್‌ಆರ್ಬೈಟ್ ಎನ್ನುತ್ತಾರೆ, ಎಂದರೆ ಕಡಿಮೆ ಹೊತ್ತಿನ ಕೆಲಸ. ವಾರಕ್ಕೆ ಐದು ದಿನದ ಬದಲು ಮೂರು ದಿನ ಕೆಲಸ. ಕಳೆದುಕೊಂಡ ನಿವ್ವಳ ಸಂಬಳದಲ್ಲಿ ಶೇಕಡಾ 60, ಮಕ್ಕಳಿರುವವರಿಗೆ ಶೇಕಡಾ 67 ಭಾಗವನ್ನು ವಿಮೆಯ ನಿಧಿ ಕೊಡುತ್ತದೆ. 2009ರ ಮೇ ತಿಂಗಳಲ್ಲಿ ಸುಮಾರು 14 ಲಕ್ಷ ಮಂದಿ ಹೀಗೆ ಉಳಿದುಕೊಂಡರು. 2020ರ ಏಪ್ರಿಲಿನಲ್ಲಿ, ಕೋವಿಡ್ ಬೀಗ ಬಿದ್ದಾಗ, ಸುಮಾರು 60 ಲಕ್ಷ ಮಂದಿ. ಅದೇ ಏಪ್ರಿಲಿನಲ್ಲಿ ನಮ್ಮ ಹೆದ್ದಾರಿಗಳಲ್ಲಿ ಜನ ತಲೆಯ ಮೇಲೆ ಗಂಟು ಹೊತ್ತು ಊರಿಗೆ ನಡೆಯುತ್ತಿದ್ದರು. ಬೈಕಂಪಾಡಿಯ ಶೆಡ್ಡುಗಳಲ್ಲಿ ಉಳಿದಿದ್ದ ಒಡಿಶಾ, ಬಿಹಾರದ ಹುಡುಗರಿಗೆ ಊಟದ ಪೊಟ್ಟಣ ಹಂಚಲು ಹೋದವರು ಈ ಸಭೆಯಲ್ಲಿದ್ದೀರಿ.

ಸರ್ಕಾರ ಹಣ ಕೊಟ್ಟಿತು, ಆದ್ದರಿಂದ ಕೆಲಸ ಉಳಿಯಿತು ಎನ್ನುವುದು ಅರ್ಧ ಉತ್ತರ. ಕಂಪನಿಗಳಿಗೂ ತಮ್ಮ ಜನರನ್ನು ಉಳಿಸಿಕೊಳ್ಳುವ ಮನಸ್ಸಿತ್ತು. ಆ ಮನಸ್ಸು ಎಲ್ಲಿಂದ ಬಂತು? ಅಲ್ಲಿ ಹದಿನಾರು-ಹದಿನೇಳರ ಹುಡುಗ ಅಥವಾ ಹುಡುಗಿ ಕಂಪನಿಯೊಂದಕ್ಕೆ ಕಲಿಯಲು ಸೇರುತ್ತಾರೆ. ವಾರದಲ್ಲಿ ಒಂದೆರಡು ದಿನ ಶಾಲೆ, ಉಳಿದ ದಿನ ಮೇಸ್ತ್ರಿಯ ಕೈಕೆಳಗೆ. ಮೂರು ಅಥವಾ ಮೂರೂವರೆ ವರ್ಷ. ಸಂಬಳ ಸಿಗುತ್ತದೆ. ಪರೀಕ್ಷೆ ನಡೆಸುವುದು ಊರಿನ ವಾಣಿಜ್ಯ ಮಂಡಳಿ, ಕಂಪನಿಯಲ್ಲ. ಹಾಗಾಗಿ ಆ ಪ್ರಮಾಣಪತ್ರ ದೇಶದಲ್ಲೆಲ್ಲ ನಡೆಯುತ್ತದೆ. ಬೇಕರಿಯವನಿಂದ ಹಿಡಿದು ರಾಸಾಯನಿಕ ಘಟಕದ ಆಪರೇಟರಿನವರೆಗೆ 300ಕ್ಕೂ ಹೆಚ್ಚು ಕಸುಬುಗಳಿಗೆ ಈ ವ್ಯವಸ್ಥೆಯಿದೆ. ಮೂರು ವರ್ಷ ತನ್ನ ಹಣ, ತನ್ನ ಮೇಸ್ತ್ರಿಯ ಹೊತ್ತು ಹಾಕಿ ತಯಾರು ಮಾಡಿದ ಕೈಯನ್ನು ಆರು ತಿಂಗಳ ಕಷ್ಟಕ್ಕಾಗಿ ಯಾವ ಮಾಲೀಕ ಬಿಟ್ಟುಕೊಡುತ್ತಾನೆ? ಕಲಿಸಿದವನಿಗೆ ಕಳೆದುಕೊಳ್ಳುವ ಭಯವಿರುತ್ತದೆ. ಕಲಿಸದವನಿಗೆ ಆ ಭಯವಿಲ್ಲ, ನಾಳೆ ಗೇಟಿನಲ್ಲಿ ಇನ್ನೊಬ್ಬ ನಿಂತಿರುತ್ತಾನೆ. ನಾನು ಇವತ್ತು ಹೇಳಬೇಕೆಂದು ಬಂದದ್ದು ಇದನ್ನೇ. ಒಂದು ಕಂಪನಿ ಎಷ್ಟು ಕೆಲಸ ಕೊಟ್ಟಿತು ಎನ್ನುವುದಕ್ಕಿಂತ ಎಷ್ಟು ಮಂದಿಗೆ ಕೆಲಸ ಕಲಿಸಿತು ಎನ್ನುವುದು ದೊಡ್ಡ ಪ್ರಶ್ನೆ.

ಇನ್ನೊಂದು ಕಾರಣವೂ ಇದೆ. ಅಲ್ಲಿ ಐದು ಮಂದಿ ಕೆಲಸ ಮಾಡುವ ಜಾಗದಲ್ಲೂ ಕಾರ್ಮಿಕರು ತಮ್ಮ ಮಂಡಳಿಯನ್ನು ಆರಿಸಿಕೊಳ್ಳಬಹುದು. 1976ರ ಕಾನೂನಿನಂತೆ 2,000ಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಸ್ಥಾನ ನೌಕರರ ಪ್ರತಿನಿಧಿಗಳದ್ದು. ಬಿಎಎಸ್‌ಎಫ್‌ನ ಆ ಮಂಡಳಿಯ 12 ಸ್ಥಾನಗಳಲ್ಲಿ ಆರು ಅವರದು. ಘಟಕ ಮುಚ್ಚುವ ಮಾತು ಬಂದರೆ ಆ ಕೋಣೆಯಲ್ಲಿ ಕೂತು ಬೇಡ ಎನ್ನಲು ಅವರಿಗೆ ಬಾಯಿಯಿದೆ.

ಆದರೆ ಜರ್ಮನಿ ಸ್ವರ್ಗವೇನೂ ಅಲ್ಲ. ಅಲ್ಲಿಯೂ ಕಲಿಸುವುದು ಐದರಲ್ಲಿ ಒಂದು ಸಂಸ್ಥೆ ಮಾತ್ರ. ಉಳಿದವು ಬೇರೆಯವರು ಕಲಿಸಿದ ಕೈಗಳನ್ನು ಕರೆದುಕೊಳ್ಳುತ್ತವೆ. ಎರಡು ಜರ್ಮನಿಗಳು ಒಂದಾದಾಗ ಪೂರ್ವದ ಸರ್ಕಾರಿ ಉದ್ಯಮಗಳು ಟ್ರಾಯ್‌ಹಾಂಡ್ ಎಂಬ ಒಂದೇ ಸಂಸ್ಥೆಯ ಕೈಗೆ ಬಂದವು. ಸುಮಾರು 40 ಲಕ್ಷ ಮಂದಿಯ ಕೆಲಸ ಅವುಗಳಲ್ಲಿತ್ತು. ನಾಲ್ಕೇ ವರ್ಷಗಳಲ್ಲಿ ಆ ಕೆಲಸಗಳಲ್ಲಿ ಹೆಚ್ಚಿನವು ಹೋದವು. ಮೂವತ್ತು ವರ್ಷಗಳ ನಂತರವೂ ಆ ಗಾಯ ಪೂರ್ವದ ಚುನಾವಣೆಗಳಲ್ಲಿ ಕಾಣುತ್ತದೆ. 2005ರ ಆರಂಭದಲ್ಲಿ ದೇಶದ ನಿರುದ್ಯೋಗಿಗಳ ಸಂಖ್ಯೆ 50 ಲಕ್ಷ ದಾಟಿತ್ತು. ಉದ್ಯೋಗದ ನಿಯಮಗಳನ್ನು ಸಡಿಲಿಸಿದ ಆಗಿನ ಹಾರ್ಟ್ಸ್ ಸುಧಾರಣೆಗಳಿಂದ ಉದ್ಯೋಗ ಏರಿತು ನಿಜ. ಅದರ ಜೊತೆಗೆ ಲಕ್ಷಾಂತರ ಮಂದಿ, ಅವರಲ್ಲಿ ಬಹಳಷ್ಟು ಹೆಂಗಸರು, ಪಿಂಚಣಿಗೂ ಸಾಲದ ತುಂಡು ಕೆಲಸಗಳಲ್ಲಿ ಸಿಕ್ಕಿಕೊಂಡರು. ಬಸ್ಸಿನ ಬಾಗಿಲಲ್ಲಿ ನೇತಾಡುವವರು ಎಂದೆನಲ್ಲ, ಅವರು ಅಲ್ಲಿಯೂ ಇದ್ದಾರೆ.

ಈಗಿನ ಸುದ್ದಿಯೂ ನಿಮಗೆ ಗೊತ್ತು. ಉಕ್ರೇನ್ ಯುದ್ಧದ ನಂತರ ಗ್ಯಾಸಿನ ಬೆಲೆ ಏರಿ, 2023ರಲ್ಲಿ ಬಿಎಎಸ್‌ಎಫ್ ತನ್ನ ಮೂಲನೆಲೆಯಲ್ಲಿಯೇ ಎರಡು ಅಮೋನಿಯಾ ಘಟಕಗಳಲ್ಲಿ ಒಂದನ್ನು ಮುಚ್ಚುವುದಾಗಿಯೂ, ಜಗತ್ತಿನಲ್ಲೆಲ್ಲ ಸೇರಿ ಸುಮಾರು 2,600 ಹುದ್ದೆ ಕಡಿಮೆ ಮಾಡುವುದಾಗಿಯೂ ಹೇಳಿತು. ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡುವ ಕ್ರಮ 1913ರಲ್ಲಿ ಮೊದಲು ಕೈಗಾರಿಕೆಯಾದದ್ದು ಲುಡ್‌ವಿಗ್‌ಶಾಫೆನ್‌ನ ಮಗ್ಗುಲಿನ ಓಪ್ಪಾವಿನಲ್ಲಿ. ಪಣಂಬೂರಿನ ಗೊಬ್ಬರದ ಕಾರ್ಖಾನೆ ಎಂಸಿಎಫ್ ನಡೆಯುವುದೂ ಅದೇ ವಿದ್ಯೆಯಿಂದ. ಅಲ್ಲಿ ಗ್ಯಾಸು ದುಬಾರಿಯಾಗುತ್ತಿದ್ದ ಕಾಲಕ್ಕೇ ಇಲ್ಲಿಗೆ ಕೊಚ್ಚಿಯಿಂದ ಗ್ಯಾಸಿನ ಕೊಳವೆ ಬಂದು ಮುಟ್ಟಿತ್ತು. ಫೋಕ್ಸ್‌ವ್ಯಾಗನ್ 2030ರೊಳಗೆ 35,000ಕ್ಕೂ ಹೆಚ್ಚು ಹುದ್ದೆ ಕಡಿಮೆ ಮಾಡುವ ಒಪ್ಪಂದಕ್ಕೆ 2024ರ ಡಿಸೆಂಬರಿನಲ್ಲಿ ಬಂತು. ಬಾಷ್ 2025ರಲ್ಲಿ ಇನ್ನೂ ಸುಮಾರು 13,000 ಹುದ್ದೆಗಳ ಕಡಿತದ ಮಾತಾಡಿತು. ಫೋಕ್ಸ್‌ವ್ಯಾಗನ್ ಒಪ್ಪಂದದಲ್ಲಿ ಬಲವಂತದ ವಜಾ ಇಲ್ಲ: ವಯಸ್ಸಾದವರು ಬೇಗ ನಿವೃತ್ತರಾಗುತ್ತಾರೆ, ಖಾಲಿಯಾದ ಕುರ್ಚಿ ತುಂಬುವುದಿಲ್ಲ. ಒಳಗಿದ್ದವರು ನೆಮ್ಮದಿಯಿಂದ ಇಳಿಯುತ್ತಾರೆ. ಮುಂದಿನ ಸ್ಟಾಪಿನಲ್ಲಿ ಕಾಯುತ್ತಿರುವ ಹದಿನೇಳರ ಹುಡುಗನಿಗೆ ಬಸ್ಸು ನಿಲ್ಲುವುದಿಲ್ಲ.

ಆ ಕೆಲಸಗಳು ಬೆಂಗಳೂರಿಗೆ ಬರುತ್ತವೆಯಲ್ಲ ಎಂದು ಕೇಳುವಿರಿ. ಒಂದಿಷ್ಟು ಬರುತ್ತವೆ. 1951ರಲ್ಲಿ ಮೈಕೋ ಎಂಬ ಹೆಸರಿನಲ್ಲಿ ಹುಟ್ಟಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿದ ಬಾಷ್, 1960ರ ದಶಕದ ಆರಂಭದಲ್ಲಿಯೇ ತನ್ನದೇ ತರಬೇತಿ ಶಾಲೆ ತೆರೆಯಿತು. ಹತ್ತನೇ ತರಗತಿ ಮುಗಿಸಿದ ಹುಡುಗರನ್ನು ತೆಗೆದುಕೊಂಡು ಅರ ಹಿಡಿಯುವುದರಿಂದ ಕಲಿಸಿತು. ಬೆಂಗಳೂರಿನ ಎಷ್ಟೋ ಸಣ್ಣ ವರ್ಕ್‌ಶಾಪುಗಳ ಮಾಲೀಕರು ಅಲ್ಲಿ ಕಲಿತು ಹೊರಬಂದವರು. ಇವತ್ತು ಅದೇ ಬಾಷ್, ಎಸ್‌ಎಪಿ, ಮರ್ಸಿಡಿಸ್ ಬೆಂಗಳೂರಿನಲ್ಲಿ ಸಾವಿರಾರು ಎಂಜಿನಿಯರುಗಳನ್ನು ಇಟ್ಟುಕೊಂಡಿವೆ. ಇಲ್ಲಿಯ ಎನ್‌ಐಟಿಕೆಯಿಂದ ಹೋದವರೂ ಅವರಲ್ಲಿದ್ದಾರೆ. ಆದರೆ ಈ ಬಾಗಿಲು ಡಿಗ್ರಿ ಹಿಡಿದು ಬಂದವರಿಗೆ. ಅರ ಹಿಡಿದವನ ಬಾಗಿಲು ಬೇರೆ.

ಸುರತ್ಕಲ್‌ಗೆ ಮರಳುತ್ತೇನೆ. ಬಂದರಿಗಾಗಿ ಪಣಂಬೂರಿನ ಜನ ಮನೆ ಬಿಟ್ಟು ಕಾಟಿಪಳ್ಳ, ಕೃಷ್ಣಾಪುರಗಳಿಗೆ ಹೋದರು. 1974ರ ನಂತರ ಗೊಬ್ಬರದ ಕಾರ್ಖಾನೆ ಬಂತು, ಪೆಲೆಟ್ ಘಟಕ ಬಂತು, ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕಕ್ಕಾಗಿ ಕುತ್ತೆತ್ತೂರಿನ ಗದ್ದೆಗಳು ಹೋದವು. ಪ್ರತಿ ಸಲವೂ ಕೇಳಿದ ಬೇಡಿಕೆ ಒಂದೇ: ಜಾಗ ಕೊಟ್ಟ ಮನೆಗೊಂದು ಕೆಲಸ. ನ್ಯಾಯವಾದ ಬೇಡಿಕೆ, ಕೆಲವರಿಗೆ ಸಿಕ್ಕಿತು ಕೂಡ. ಆದರೆ ರಾಸಾಯನಿಕ ಉದ್ಯಮದ ಸ್ವಭಾವವೇ ಬೇರೆ. ಹಂಚಿನ ಕಾರ್ಖಾನೆಯಲ್ಲಿ ಹಣ ಕಡಿಮೆ, ಕೈ ಹೆಚ್ಚು. ಇಲ್ಲಿ ಕೋಟಿಗಟ್ಟಲೆ ಹಣ ಕೊಳವೆಗಳಲ್ಲಿ ಕೂತಿರುತ್ತದೆ, ಕಂಟ್ರೋಲ್ ರೂಮಿನಲ್ಲಿ ನಾಲ್ಕು ಮಂದಿ. ಘಟಕ ನಿಲ್ಲಿಸಿ ರಿಪೇರಿ ಮಾಡುವ ಷಟ್‌ಡೌನ್ ಬಂದಾಗ ಮಾತ್ರ ಗೇಟಿನೆದುರು ಸಾವಿರ ತಲೆ, ಕೆಲವು ವಾರಗಳಿಗೆ. ಅಂಥ ಘಟಕದಿಂದ ಹಂಚಿನ ಕಾರ್ಖಾನೆಯಷ್ಟು ಕೆಲಸ ಕೇಳುವುದು ತೆಂಗಿನಮರದ ಕೆಳಗೆ ಭತ್ತ ಕೇಳಿದ ಹಾಗೆ. ಕೇಳಬೇಕಾದದ್ದು ಬೇರೆ ಇದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬಳ ತಮ್ಮ ಐಟಿಐ ಫಿಟ್ಟರ್. ಇಲ್ಲಿಯ ಒಂದು ಕಾರ್ಖಾನೆಯ ಗೇಟಿನೊಳಗೆ ಹನ್ನೊಂದು ವರ್ಷಗಳಿಂದ ದುಡಿಯುತ್ತಿದ್ದಾನೆ. ಈ ಹನ್ನೊಂದು ವರ್ಷಗಳಲ್ಲಿ ನಾಲ್ಕು ಕಾಂಟ್ರಾಕ್ಟರುಗಳು ಬಂದಿದ್ದಾರೆ. ಪ್ರತಿ ಸಲ ಟೆಂಡರ್ ಬದಲಾದಾಗ ಅವನ ಹಳೆಯ ಲೆಕ್ಕ ಮುಗಿಯುತ್ತದೆ, ಹೊಸ ಗೇಟ್‌ಪಾಸ್ ಬರುತ್ತದೆ, ಸಂಬಳ ಮತ್ತೆ ಹೊಸಬನ ಸಂಬಳ. ಭವಿಷ್ಯನಿಧಿಯ ಪುಸ್ತಕದಲ್ಲಿ ಅವನು ಮೂರು ಸಲ ಕೆಲಸ ಬಿಟ್ಟಿದ್ದಾನೆ, ಮೂರು ಸಲ ಮರಳಿ ಸೇರಿದ್ದಾನೆ. ಅವನು ತಿರುಗಿಸುವ ವಾಲ್ವ್ ಮಾತ್ರ ಅದೇ. ದೆಹಲಿಯಿಂದ ತಿಂಗಳು ತಿಂಗಳು ಬರುವ ಉದ್ಯೋಗದ ಅಂಕಿಗಳಲ್ಲಿ ಈ ಹುಡುಗ ಹೇಗೆ ಕಾಣುತ್ತಾನೆ ಎಂದು ಒಮ್ಮೆ ಯೋಚಿಸಿ. ಹನ್ನೊಂದು ವರ್ಷಗಳಲ್ಲಿ ಅವನನ್ನು ಒಂದು ದಿನದ ತರಬೇತಿಗೂ ಯಾರೂ ಕಳುಹಿಸಿಲ್ಲ. ಮುಂದಿನ ಟೆಂಡರಿನಲ್ಲಿ ಬೇರೆಯವನ ಬಳಿಗೆ ಹೋಗುವ ಆಳಿಗೆ ಈ ಕಾಂಟ್ರಾಕ್ಟರ್ ಯಾಕೆ ಖರ್ಚು ಮಾಡಬೇಕು? ಅವನ ಅಕ್ಕ ನನ್ನನ್ನು ಕೇಳಿದಳು, "ಸರ್, ಇವನಿಗೆ ಕೆಲಸ ಇದೆ ಅಂತ ಹೇಳುವುದೋ, ಇಲ್ಲ ಅಂತ ಹೇಳುವುದೋ?" ಇಷ್ಟು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದವನಿಗೆ ಉತ್ತರ ಹೊಳೆಯಲಿಲ್ಲ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. 1961ರಿಂದ ಅಪ್ರೆಂಟಿಸ್ ಕಾಯ್ದೆಯಿದೆ. 2019ರ ನಿಯಮಗಳಂತೆ 30 ಅಥವಾ ಹೆಚ್ಚು ಮಂದಿಯಿರುವ ಸಂಸ್ಥೆ ತನ್ನ ಬಲದ ಶೇಕಡಾ ಎರಡೂವರೆಯಿಂದ 15ರವರೆಗೆ ಅಪ್ರೆಂಟಿಸುಗಳನ್ನು ಇಟ್ಟುಕೊಳ್ಳಬೇಕು, ಆ ಲೆಕ್ಕಕ್ಕೆ ಕಾಂಟ್ರಾಕ್ಟ್ ಕೆಲಸದವರೂ ಸೇರುತ್ತಾರೆ. ಜರ್ಮನ್ ನೆರವಿನ ತಾಂತ್ರಿಕ ತರಬೇತಿ ಸಂಸ್ಥೆ ಬೆಂಗಳೂರು, ಕಲಬುರಗಿಗಳಲ್ಲಿ ಶುರುವಾಗಿ ಮಂಗಳೂರಿಗೂ ಬಂದಿದೆ. ಇನ್ನೂ ಹತ್ತಿರದ ಹಳೆಯ ಮಾದರಿಯೊಂದಿದೆ: 1959ರಲ್ಲಿ ಸ್ವಿಸ್ ಚರ್ಚುಗಳ ನೆರವಿನಿಂದ ತಲಶ್ಶೇರಿಯ ನೆಟ್ಟೂರಿನಲ್ಲಿ ಹುಟ್ಟಿ, ಆಮೇಲೆ ಬೆಂಗಳೂರಿನಲ್ಲಿ ಬೆಳೆದ ಎನ್‌ಟಿಟಿಎಫ್. ಅದು ಬಾಸೆಲ್‌ನವರು ನೆಟ್ಟು ಹೋದ ಮರದ ಇನ್ನೊಂದು ಚಿಗುರು. ನಮಗೆ ಇಲ್ಲದ್ದು ಕೇಳುವ ಅಭ್ಯಾಸ. ಕಂಪನಿಯೊಂದು ನಮ್ಮೂರಿಗೆ ಬರುವಾಗ ಎಷ್ಟು ಸಾವಿರ ಕೋಟಿ, ಎಷ್ಟು ಕೆಲಸ ಎಂದು ಕೇಳುತ್ತೇವೆ. ವರ್ಷಕ್ಕೆ ಎಷ್ಟು ಮಂದಿಯನ್ನು ಕೈಹಿಡಿದು ಕಲಿಸುತ್ತೀರಿ, ಅವರಲ್ಲಿ ಕಾಂಟ್ರಾಕ್ಟ್ ಕೆಲಸದವರು ಎಷ್ಟು, ಪ್ರಮಾಣಪತ್ರ ಯಾರು ಕೊಡುತ್ತಾರೆ ಎಂದು ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ಕೇಳಿದ್ದನ್ನು ನಾನಂತೂ ನೋಡಿಲ್ಲ.

ಕಲಿಸಿದ್ದು ಎಷ್ಟು ದೂರ ಹೋಗುತ್ತದೆ ಎನ್ನುವುದಕ್ಕೆ ಮತ್ತೆ ಜೆಪ್ಪುವೇ ಸಾಕ್ಷಿ. ಪ್ಲೆಬ್ಸ್ಟ್ ಭಟ್ಟಿ ಹಚ್ಚಿದ ಮೂರೇ ವರ್ಷಕ್ಕೆ, 1868ರಲ್ಲಿ, ಆಲ್ಬುಕರ್ಕ್ ಕುಟುಂಬದವರು ತಮ್ಮ ಕಾರ್ಖಾನೆ ತೆರೆದರು. 1900ರ ಹೊತ್ತಿಗೆ ಮಂಗಳೂರಿನ ಸುತ್ತ ಸುಮಾರು 25 ಹಂಚಿನ ಕಾರ್ಖಾನೆಗಳಿದ್ದವು. ಮಣ್ಣು ಹದ ಮಾಡುವ, ಪ್ರೆಸ್ ಎಳೆಯುವ, ಭಟ್ಟಿಯ ಬೆಂಕಿ ನೋಡುವ ವಿದ್ಯೆ ಕೈಯಿಂದ ಕೈಗೆ ದಾಟಿತ್ತು. 1914ರಲ್ಲಿ ಯುದ್ಧ ಬಂತು. ಜರ್ಮನರನ್ನು ಬ್ರಿಟಿಷರು ಶತ್ರುಗಳೆಂದು ಹಿಡಿದು ಅಹಮದ್‌ನಗರದ ಶಿಬಿರಕ್ಕೆ ಸಾಗಿಸಿದರು. ಮಿಶನ್ನಿನ ಕಾರ್ಖಾನೆಗಳು 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಕಂಪನಿಯ ಪಾಲಾದವು. ಮಾಲೀಕ ಹೋದ, ಹೆಸರು ಹೋಯಿತು. ಹಂಚು ನಿಲ್ಲಲಿಲ್ಲ, ಯಾಕೆಂದರೆ ವಿದ್ಯೆ ಮಾಲೀಕನ ಪೆಟ್ಟಿಗೆಯಲ್ಲಿರಲಿಲ್ಲ. ತಾರಸಿ ಮನೆಗಳು ಬಂದು, ಮಣ್ಣಿಗೂ ಸೌದೆಗೂ ಬರ ಬಂದು ಕಾರ್ಖಾನೆಗಳು ಮುಚ್ಚತೊಡಗಿದ್ದು ಎಷ್ಟೋ ದಶಕಗಳ ಮೇಲೆ.

ಈಗ ಅದೇ ಜರ್ಮನಿ ನಮ್ಮ ಕೈಗಳನ್ನು ಕರೆಯುತ್ತಿದೆ. 1964ರ ಸುಮಾರಿಗೆ ಅಲ್ಲಿ ಹುಟ್ಟಿದ ದೊಡ್ಡ ತಲೆಮಾರು ನಿವೃತ್ತಿಯಾಗುತ್ತಿದೆ; ಅವರ ಜಾಗ ತುಂಬಲು ಮಕ್ಕಳಿಲ್ಲ. ಒಂದು ಕಡೆ ಕಾರು ಕಂಪನಿಗಳಲ್ಲಿ ಹುದ್ದೆ ಕಡಿತ, ಇನ್ನೊಂದು ಕಡೆ ಆಸ್ಪತ್ರೆಗಳಲ್ಲಿ, ವೃದ್ಧರ ಮನೆಗಳಲ್ಲಿ, ವಿದ್ಯುತ್ ಕೆಲಸದಲ್ಲಿ ಜನರಿಲ್ಲ. 2024ರ ಅಕ್ಟೋಬರಿನಲ್ಲಿ ಭಾರತದ ಕುಶಲ ಕೆಲಸಗಾರರ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಅವರು ಹೇಳಿದರು. ಮಂಗಳೂರಿನ ನರ್ಸಿಂಗ್ ಹುಡುಗಿಯರು ರಾತ್ರಿ ಪಾಳಿ ಮುಗಿಸಿ ಜರ್ಮನ್ ವ್ಯಾಕರಣ ಉರುಹೊಡೆಯುತ್ತಿದ್ದಾರೆ. ಅವರು ಹೋಗಲಿ, ಚೆನ್ನಾಗಿ ಬಾಳಲಿ. ಆದರೆ ಲೆಕ್ಕ ಲೆಕ್ಕವೇ: ಆ ಹುಡುಗಿಗೆ ಕಲಿಸಿದ ಖರ್ಚು ಇಲ್ಲಿಯ ತಂದೆಯ ಸಾಲದ್ದು. 1851ರಲ್ಲಿ ಹಾಲರ್ ಕಲಿಸಲು ಬಂದರು. ಇವತ್ತು ನಾವು ಕಲಿಸಿ ಕಳುಹಿಸುತ್ತಿದ್ದೇವೆ.

ನನ್ನ ಅಜ್ಜಿ ಗುರುಪುರ ಹೊಳೆಯ ದಡದ ಒಂದು ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಹಸಿ ಹಂಚನ್ನು ಪ್ರೆಸ್ಸಿನಿಂದ ಒಣಗಿಸುವ ಅಟ್ಟಳಿಗೆಗೆ ಹೊರುವುದು, ಸುಟ್ಟ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳಿ ವಿಂಗಡಿಸುವುದು ಅವರ ಕೆಲಸ. ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಪ್ರೆಸ್ಸನ್ನು ಮುಟ್ಟಲು ಅವರಿಗೆ ಬಿಡಲಿಲ್ಲ. ಅದು ಗಂಡಸರ ಕೆಲಸ, ಅದರ ಸಂಬಳವೂ ಬೇರೆ. ಕಲಿಸಿದ ಕಾರ್ಖಾನೆಗಳೂ ಎಲ್ಲರಿಗೆ ಕಲಿಸಲಿಲ್ಲ ಎಂಬುದನ್ನು ನಾನು ಪುಸ್ತಕದಿಂದ ತಿಳಿದದ್ದಲ್ಲ. ಆ ಕಾರ್ಖಾನೆ ಮುಚ್ಚಿದ ಎಷ್ಟೋ ವರ್ಷಗಳ ಮೇಲೆ ಅದರ ಕಚೇರಿಯ ಕೋಣೆಯನ್ನು ನೋಡಲು ಹೋಗಿದ್ದೆ. ನೆಲದ ಮೇಲೆ ಹಾಜರಿ ಪುಸ್ತಕಗಳ ರಾಶಿ. ಅರ್ಧ ಒರಲೆ ತಿಂದಿತ್ತು, ಉಳಿದರ್ಧವನ್ನು ಗುಜರಿಯವನು ತೂಕಕ್ಕೆ ಕೇಳಿ ಹೋಗಿದ್ದನಂತೆ. ತೆರೆದು ನೋಡಿದರೆ ಹೆಸರು, ಊರು, ಸೇರಿದ ದಿನ, ಬಿಟ್ಟ ದಿನ, ದಿನಗೂಲಿ, ಮಳೆಗಾಲದ ರಜೆ, ಹೆರಿಗೆಗೆ ಹೋದವಳ ಮುಂದೆ ಒಂದು ಗೆರೆ, ಎಲ್ಲವೂ ನೀಲಿ ಶಾಯಿಯಲ್ಲಿ. ನ್ಯೂರೆನ್‌ಬರ್ಗಿನವರು 15,000 ಬಾಗಿಲು ತಟ್ಟಿ ಸಂಗ್ರಹಿಸುವ ಮಾಹಿತಿ ನಮ್ಮಲ್ಲಿ ಈ ರೂಪದಲ್ಲಿತ್ತು. ನನ್ನ ಕೈಗೆ ಬಂದದ್ದು ಎರಡೇ ಪುಸ್ತಕ. ಎರಡರಲ್ಲೂ ಅಜ್ಜಿಯ ಹೆಸರಿಲ್ಲ.

ಅಂಥ ಪುಸ್ತಕಗಳು ಇನ್ನೂ ಇವೆ. ಜೆಪ್ಪು, ಕುದ್ರೋಳಿ, ಗುರುಪುರ, ಪಾಣೆಮಂಗಳೂರಿನ ಹಳೆಯ ಮನೆಗಳ ಅಟ್ಟಗಳಲ್ಲಿ, ರೈಟರ ಕೆಲಸ ಮಾಡಿದವರ ಮಕ್ಕಳ ಕಪಾಟುಗಳಲ್ಲಿ, ಸಂಘದ ಕಚೇರಿಗಳ ಟ್ರಂಕುಗಳಲ್ಲಿ. ಹಂಚಿನದ್ದಷ್ಟೇ ಅಲ್ಲ, ಗೇರುಬೀಜದ ಕಾರ್ಖಾನೆಯದ್ದು, ಬೀಡಿಯದ್ದು, ಷಟ್‌ಡೌನ್ ಕಾಂಟ್ರಾಕ್ಟರುಗಳ ಮಸ್ಟರ್ ರೋಲ್ ಕೂಡ. ಇಲ್ಲಿ ಕುಳಿತ ಪ್ರತಿಯೊಬ್ಬರೂ ಮನೆಗೆ ಹೋದ ಮೇಲೆ ಒಮ್ಮೆ ಕೇಳಿ ನೋಡಿ. ಸಿಕ್ಕಿದರೆ ಈ ಕಾಲೇಜಿನ ಗ್ರಂಥಾಲಯಕ್ಕೆ ತಂದುಕೊಡಿ. ಒಂದೊಂದು ಹಾಳೆಯ ಫೋಟೋ ತೆಗೆದು, ಪುಸ್ತಕವನ್ನು ನಿಮಗೇ ಮರಳಿಸುವ ಏರ್ಪಾಡು ಮಾಡಲು ಅರ್ಥಶಾಸ್ತ್ರ ವಿಭಾಗದವರು ಒಪ್ಪಿದ್ದಾರೆ. ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದರೆ ಅಟ್ಟದ ಕಾಗದ ಒದ್ದೆಯಾಗುತ್ತದೆ. ಅದಕ್ಕೆ ಮೊದಲು ತನ್ನಿ.